ಲಗ್ನದ ಮೋಟಾರಿನಲ್ಲಿ ಚರಗ

ಮೊಸರನ್ನ ಎರಡನೆಯ ಮಜಲಿನಿಂದ ಬಿದ್ದರೆ ಮನುಷ್ಯನಿಗೆ ಎಷ್ಟು ಪೆಟ್ಟಾಗುತ್ತದೆ ಎಂಬುದನ್ನು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ನಮ್ಮ ವಾಡೆಯ ಮಾಲಕರಾದ ಹರಿಶ್ಚಂದ್ರಪಂತರ ಪ್ರಕಾರ ಪ್ರಾಣವೇ ಹೋಗಬೇಕಿತ್ತು, ತಲೆಯ ಮೇಲೆ ಪಗಡಿ ಇದ್ದುದರಿಂದ ಉಳಿಯಿತು. ಪುಣೆಯ ನಾರಾಯಣ ಪೇಟೆಯಲ್ಲಿ ಅವರು ಮೂರು ದಿನ ಇದನ್ನೇ ಮನೆಮನೆಗೆ ಹೇಳುತ್ತ ತಿರುಗಿದರು. ಅನ್ನ ಎಸೆದವಳು ಪಾರವ್ವ. ನನ್ನ ಪಕ್ಕದ ಖೋಲಿಯ ಶಿವರುದ್ರಪ್ಪನ ಸೋದರತ್ತೆ.

ಪಾರವ್ವನಿಗೆ ಹುಚ್ಚು ಹಿಡಿದಿರಲಿಲ್ಲ. ಅಂದು ಎಳ್ಳಮಾಸಿ. ನಮ್ಮ ಧಾರವಾಡದ ಕಡೆ ಆ ಅಮಾವಾಸ್ಯೆಗೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಜೋಳ ಹೊಡೆ ತುಂಬಿ ನಿಂತಿರುತ್ತದೆ, ಭೂಮಿತಾಯಿ ಬಸುರಿ. ಬಸುರಿ ಹೆಂಗಸಿಗೆ ಬಯಕೆಯ ಊಟ ಬಡಿಸುವಂತೆ, ಮಾಡಿದ ಅಡಿಗೆಯನ್ನೆಲ್ಲ ಕಲೆಸಿ, ಕೂಗುತ್ತ ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತ ಹೋಗುತ್ತಾರೆ. ಅದೇ ಚರಗ. ಆಮೇಲೆ ಬದುವಿನ ಮೇಲೆ ಕುಳಿತು ಎಲ್ಲರೂ ಉಣ್ಣುತ್ತಾರೆ.

ನವಲಗುಂದದ ಹತ್ತಿರ ಪಾರವ್ವನ ಗಂಡನಿಗೆ ಎರೆಯ ಹೊಲವಿತ್ತು. ಗಂಡ ತೀರಿದ ಮೇಲೆ ಮೈದುನರು ಅದನ್ನು ಹಂಚಿಕೊಂಡರು. ಮಕ್ಕಳಿಲ್ಲದ ಪಾರವ್ವನ ಪಾಲಿಗೆ ಬಂದದ್ದು ಚರಗದ ಬುಟ್ಟಿಯೊಂದೇ. ತಾಯಿಯಿಲ್ಲದ ಶಿವರುದ್ರಪ್ಪನನ್ನು ಸಾಕಿದವಳು ಅವಳು, ಅದಕ್ಕೆ ಅವನು ಅವಳನ್ನು ಪುಣೆಗೆ ಕರೆತಂದ. ಬಂದು ಏಳು ವರ್ಷವಾಗಿತ್ತು. ಏಳು ವರ್ಷವೂ ಅವಳು ಎಳ್ಳಮಾಸಿಗೆ ಬುತ್ತಿ ಮಾಡಿ, ಗ್ಯಾಲರಿಯಲ್ಲಿ ನಿಂತು, ವಾಡೆಯ ಅಂಗಳವನ್ನೇ ಹೊಲವೆಂದುಕೊಂಡು ನಾಲ್ಕು ತುತ್ತು ಎಸೆಯುತ್ತಿದ್ದಳು. ಏಳನೆಯ ವರ್ಷ ಹೊಲದೊಳಗೆ ಹರಿಶ್ಚಂದ್ರಪಂತರು ಬಂದರು.

ಪಂತರು ಮೆಟ್ಟಿಲ ಕೆಳಗೆ ನಿಂತು ಮರಾಠಿಯಲ್ಲಿ ಕೂಗಾಡಿದರು. ಅದನ್ನು ಕನ್ನಡದಲ್ಲಿ ಹೇಳುತ್ತೇನೆ: "ಹೊಲದಾಗ ಚೆಲ್ಲೂದನ್ನ ಹೊಲದಾಗ ಚೆಲ್ಲಬೇಕ್ರಿ! ಹೊಲಾ ಇಲ್ಲದವರಿಗೆ ಈ ಹಬ್ಬ ಯಾಕ ಬೇಕು?"

ಏಳು ವರ್ಷದಲ್ಲಿ ಪಾರವ್ವನಿಗೆ ಅಷ್ಟು ಮರಾಠಿ ತಿಳಿಯುತ್ತಿತ್ತು. ಅವಳು ಬುಟ್ಟಿ ಕೆಳಗಿಟ್ಟು ಒಳಗೆ ಹೋದಳು. ಶಿವರುದ್ರಪ್ಪ ಎಂದೂ ದನಿ ಏರಿಸಿದವನಲ್ಲ. ಕಚೇರಿಯಲ್ಲಿ ಸಾಹೇಬ ಕರೆದರೆ ಓಗೊಡುವ ಮೊದಲೇ ಕ್ಷಮೆ ಕೇಳುವ ಗಿರಾಕಿ. ಅಂಥವನು ಅಂದು ಗ್ಯಾಲರಿಯ ಕಟಾಂಜನ ಹಿಡಿದು ಇಡೀ ವಾಡೆಗೆ ಕೇಳುವಂತೆ ಒದರಿದ:

"ಹೊಲಾ ಐತ್ರಿ! ಕೊಂಢವಾದಾಗ ಐತಿ! ಮುಂದಿನ ವರ್ಷ ಅಲ್ಲೇ ಹೋಗಿ ಚೆಲ್ಲತೇವಿ!"

ಕೊಂಢವಾ ಎಂಬ ಹಳ್ಳಿಯನ್ನು ಅವನು ನೋಡಿರಲಿಲ್ಲ. ನಮಗೆ ಹಾಲು ಹಾಕುವ ಗೌಳಿ ಆ ಊರವನು, ಬಾಯಿಗೆ ಅದೇ ಹೆಸರು ಬಂತು. ಸಂಜೆ ಅವನು ನನ್ನೆದುರು ತಲೆಯ ಮೇಲೆ ಕೈ ಹೊತ್ತು ಕುಳಿತ. "ಪ್ರಲ್ಹಾದರಾವ, ನಾಳೆ ಖರೆ ಹೇಳಿಬಿಡತೇನ್ರಿ" ಎಂದ. ಆದರೆ ಆ ರಾತ್ರಿ ಪಾರವ್ವ ಏಳು ವರ್ಷಗಳ ಮೇಲೆ ಮೊದಲ ಬಾರಿಗೆ ಎರಡು ರೊಟ್ಟಿ ಹೆಚ್ಚು ಉಂಡಳು. ಇಂಥವಳಿಗೆ ಖರೆ ಹೇಳುವ ಧೈರ್ಯ ಧರ್ಮರಾಯನಿಗೂ ಇರಲಿಕ್ಕಿಲ್ಲ, ನಮ್ಮ ಶಿವರುದ್ರಪ್ಪ ಯಾವ ಲೆಕ್ಕ?

ಇಲ್ಲಿ ಅವನ ನೌಕರಿಯ ಬಗ್ಗೆ ಒಂದು ಮಾತು ಹೇಳಬೇಕು. ಅವನು ಹವಾಮಾನದ ಕಚೇರಿಯಲ್ಲಿ ಗುಮಾಸ್ತ. ಹಿಂದುಸ್ತಾನದಲ್ಲಿ ಎಲ್ಲಿ ಎಷ್ಟು ಮಳೆಯಾಯಿತೆಂಬ ತಾರುಗಳನ್ನು ನೋಡಿ ದೊಡ್ಡ ಪುಸ್ತಕದಲ್ಲಿ ನಕಲು ಮಾಡುವುದು ಅವನ ಕೆಲಸ. ಸುಳ್ಳು ಹೊಲಕ್ಕೆ ಇದಕ್ಕಿಂತ ಒಳ್ಳೆಯ ಒಡೆಯ ಸಿಗುವುದುಂಟೆ? ದಿನಾ ಸಂಜೆ ಅವನು ಕೋಟು ಕಳಚುವ ಮೊದಲೇ ಪಾರವ್ವ ಕೇಳುವಳು: "ಹೊಲದಾಗ ಮಳಿ ಆತೇನೋ?"

"ಆತಬೇ. ಹದಾ ಮಳಿ."

ಮುಂಗಾರು ತಡವಾದ ವರ್ಷವದು. ಆದರೂ ಶಿವರುದ್ರಪ್ಪನ ಹೊಲದಲ್ಲಿ ಬೇಕಾದಾಗ ಬೇಕಾದಷ್ಟೇ ಮಳೆ ಬಿತ್ತು. ಹಿಂಗಾರಿಗೆ ಜೋಳ ಬಿತ್ತಿದರು, ಎಡೆ ಹೊಡೆದರು. ಒಂದು ದಿನ ಬಾಯಿ ತಪ್ಪಿ "ಬಾವಿ ಐತಿ" ಎಂದ, ಮರುದಿನ ಬಾವಿಯ ಪಕ್ಕದಲ್ಲಿ ಒಂದು ಬನ್ನಿಗಿಡ ಎದ್ದಿತು. ಪಾಲಿಗೆ ಮಾಡುವ ರೈತನೊಬ್ಬ ಹುಟ್ಟಿಕೊಂಡ. ಅವನಿಗೆ ಕಾರ್ತಿಕದಲ್ಲಿ ಜ್ವರ ಬಂದಿತು, ಪಾರವ್ವ ಕಷಾಯದ ಪುಡಿ ಕುಟ್ಟಿ ಕೊಟ್ಟಳು. ಆ ಪುಡಿಯನ್ನು ಶಿವರುದ್ರಪ್ಪ ಕಚೇರಿಯಲ್ಲಿ ತಾನೇ ಕುಡಿದು ಮುಗಿಸಿದ.

ಈ ಸುದ್ದಿಗಳನ್ನು ಕೇಳಲು ಪಾರವ್ವನ ಬಾಗಿಲಲ್ಲಿ ಜನ ಸೇರತೊಡಗಿತು. ರವಿವಾರ ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ ಗದಗಿನ ಫಕೀರಪ್ಪ, "ಹೊಡಿ ಹಾಕ್ಯಾವೇನ್ರಿ ಜ್ವಾಳ?" ಎಂದು ಕೇಳಿ ಕಣ್ಣು ಮುಚ್ಚಿ ಕೂಡುತ್ತಿದ್ದ. ನನ್ನ ಹೆಂಡತಿ ಗೋದಾ ಒಂದು ದಿನ ಒಲೆಯ ಮುಂದೆ ಕುಳಿತವಳು ಸುಮ್ಮನೆ ಅತ್ತಳು. ಏನೆಂದು ಕೇಳಿದರೆ, "ಏನಿಲ್ಲರಿ, ಅಪ್ಪನ ಹೊಲದಾಗ ಎಳೇ ಜ್ವಾಳದ ಸೀತನಿ ಸುಡೂ ವಾಸನಿ ನೆನಪಾತು" ಎಂದಳು. ನನಗೂ ಆ ದಿನ ಊಟ ರುಚಿಸಲಿಲ್ಲ. ನಮಗೆಲ್ಲ ಪುಣೆಯಲ್ಲಿ ನೌಕರಿಯಿತ್ತು, ನಳದ ನೀರಿತ್ತು, ನಾಟಕವಿತ್ತು. ಕಾಲಿಗೆ ಹತ್ತುವ ಕರಿ ಮಣ್ಣು ಮಾತ್ರ ಇರಲಿಲ್ಲ.

ಎಳ್ಳಮಾಸಿ ಹತ್ತಿರ ಬಂದಾಗ ಫಕೀರಪ್ಪ ಎದ್ದು ನಿಂತು ಹೇಳಿದ: "ಶಿವರುದ್ರಪ್ಪನವರ, ನಿಮ್ಮ ಹೊಲಕ್ಕ ನಾವೂ ಬರೋರ. ಇಲ್ಲಾ ಅನಬ್ಯಾಡ್ರಿ." ಗೋದಾ ತಾನೂ ಬರುವೆನೆಂದಳು. ಪೇಟೆಯ ಕನ್ನಡದವರಿಗೆಲ್ಲ ಸುದ್ದಿ ಹಬ್ಬಿ ಇಪ್ಪತ್ತೆಂಟು ಜನವಾಯಿತು. ಟಾಂಗಾ ಸಾಲದು, ಮೋಟಾರೇ ಬೇಕು ಎಂದಾಯಿತು.

ಸ್ವಾರಗೇಟಿನ ಕುಶಲಶೇಟನ ಬಳಿ ಒಂದು ಸರ್ವಿಸ್ ಮೋಟಾರಿತ್ತು. ಅದನ್ನು ಅವನು ಲಗ್ನಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾಡಿಗೆಗೆ ಕೊಡುತ್ತಿರಲಿಲ್ಲ. ನಾನೂ ಶಿವರುದ್ರಪ್ಪನೂ ಹೋದೆವು.

"ಲಗ್ನ ಯಾವತ್ತು?" ಎಂದು ಕೇಳಿದ ಶೇಟ.

"ಅಮಾವಾಸ್ಯೆಗೆ" ಎಂದ ಶಿವರುದ್ರಪ್ಪ. ಅವನು ದಿನವನ್ನಷ್ಟೇ ಹೇಳಿದ್ದು.

ಕುಶಲಶೇಟ ಎದ್ದು ನಿಂತ. "ಅಮಾವಾಸ್ಯೆಗೆ! ಮುಹೂರ್ತಾ ನೋಡಲಿಲ್ಲ?"

"ಇಲ್ಲರಿ. ಅಮಾವಾಸ್ಯೆಗೇ ಆಗಬೇಕು."

ಶೇಟನ ಕಣ್ಣು ತುಂಬಿ ಬಂದವು. ಆಗ ಪುಣೆಯಲ್ಲಿ ಸುಧಾರಕರ ಗದ್ದಲವಿತ್ತು. ಪಂಚಾಂಗ ಬೇಡ, ಭಟ್ಟರು ಬೇಡ, ಜಾತಿ ಬೇಡ ಎಂದು ಮದುವೆಯಾಗುವ ವೀರರನ್ನು ಶೇಟ ಪತ್ರಿಕೆಯಲ್ಲಿ ಓದಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಶಿವರುದ್ರಪ್ಪನನ್ನು ಅಪ್ಪಿಕೊಂಡು, "ಇಂಥಾ ಧೈರ್ಯವಂತನಿಗೆ ಸನಾಯಿ ನನ್ನ ಕಡೆಯಿಂದ ಫುಕಟ್" ಎಂದ. ನಾವು ಬಾಯಿ ತೆರೆಯುವುದರೊಳಗೆ ಪೇಢೆ ತಿನ್ನಿಸಿದ. ಪೇಢೆ ಬಾಯಲ್ಲಿರುವಾಗ ಸತ್ಯ ಹೇಳುವುದು ಕಷ್ಟ.

ಎಳ್ಳಮಾಸಿಯ ಬೆಳಿಗ್ಗೆ ವಾಡೆಯ ಮುಂದೆ ಮೋಟಾರು ಬಂದು ನಿಂತಿತು. ಮೂತಿಗೆ ಚೆಂಡುಹೂವಿನ ಮಾಲೆ, ಎರಡೂ ಬದಿಗೆ ಬಾಳೆಯ ಗಿಡ, ನೆತ್ತಿಯ ಮೇಲೆ ಬಣ್ಣದ ಕಾಗದದ ಪತಾಕೆ. ಡ್ರಾಯವರನ ಪಕ್ಕದಲ್ಲಿ ಸನಾಯಿಯವನು ಗಲ್ಲ ಉಬ್ಬಿಸಿಕೊಂಡು ಕುಳಿತಿದ್ದ. ಪೇಟೆಯೆಲ್ಲ ಕಿಟಕಿ ತೆರೆಯಿತು. ಹರಿಶ್ಚಂದ್ರಪಂತರು ಪಗಡಿ ಸರಿಮಾಡಿಕೊಳ್ಳುತ್ತ ಓಡಿ ಬಂದರು.

"ಅಮಾವಾಸ್ಯೆ ದಿನ ಲಗ್ನಾನ? ನನ್ನ ವಾಡೆದಾಗ? ಹೆಣ್ಣ ಯಾರು?"

"ಹೆಣ್ಣಿಲ್ಲರಿ ಪಂತರ, ಹೊಲಕ್ಕ ಹೊಂಟೇವಿ" ಎಂದೆ ನಾನು.

"ಹಂಗಾರ ನಾನೂ ಬರತೇನಿ" ಎಂದು ಪಂತರು ಧೋತರದ ಚುಂಗು ಎತ್ತಿ ಹತ್ತಿಯೇ ಬಿಟ್ಟರು. "ಆ ಹೊಲಾ ಹ್ಯಾಂಗದ ಅನ್ನೂದು ಕಣ್ಣಿಲೆ ನೋಡೇ ಬಿಡೂಣು."

ಶಿವರುದ್ರಪ್ಪನ ಮುಖ ಬಿಳಿ ಧೋತರಕ್ಕಿಂತ ಬಿಳಿಯಾಯಿತು.

ಮೋಟಾರು ಹೊರಟಿತು. ಸಜ್ಜೆಯ ರೊಟ್ಟಿ, ಎಣಗಾಯಿ ಪಲ್ಯ, ಕಡುಬು, ಶೇಂಗಾದ ಹೋಳಿಗೆ, ಗುರೆಳ್ಳು ಚಟ್ನಿ, ಮೊಸರನ್ನ, ಎಲ್ಲದರ ವಾಸನೆ ಒಂದಾಗಿ ನಮ್ಮೂರೇ ಗಾಲಿಯ ಮೇಲೆ ಹೊರಟಂತಿತ್ತು. ಗೋದಾ ಮಡಿಯಿಂದ ತನ್ನ ಡಬ್ಬಿಯನ್ನು ಬೇರೆ ಹಿಡಿದು ಕುಳಿತಿದ್ದಳು. ಮೊದಲನೆಯ ತಗ್ಗಿಗೆ ಅದು ಫಕೀರಪ್ಪನ ತೊಡೆಗೆ ಹೋಯಿತು, ಎರಡನೆಯ ತಗ್ಗಿಗೆ ಮುಚ್ಚಳ ತೆರೆಯಿತು, ಮೂರನೆಯದಕ್ಕೆ ಮಡಿಯ ಮಾತೇ ಮುಗಿಯಿತು. ಎಲ್ಲರೂ ತಮ್ಮ ತಮ್ಮ ಹೊಲಗಳನ್ನು ನೆನೆದು ಏಕಕಾಲಕ್ಕೆ ಮಾತಾಡುತ್ತಿದ್ದರು. ಯಾರೂ ಯಾರದ್ದನ್ನೂ ಕೇಳುತ್ತಿರಲಿಲ್ಲ. ಪಾರವ್ವ ಮಾತ್ರ ಇಲಕಲ್ಲ ಸೀರೆಯುಟ್ಟು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಜೋಳದ ಹೊಲ ಕಂಡಾಗಲೆಲ್ಲ ಅವಳ ಕೈ ಬುಟ್ಟಿಯ ಅಂಚನ್ನು ಹಿಡಿಯುತ್ತಿತ್ತು.

ಕೊಂಢವಾ ದಾಟಿದ ಮೇಲೆ ಡ್ರಾಯವರ ಕೇಳಿದ, ಯಾವ ಹೊಲ ಎಂದು. "ಇನ್ನ ಮುಂದ" ಎಂದ ಶಿವರುದ್ರಪ್ಪ. ಒಂದು ಹೊಲದಲ್ಲಿ ಕಳೆ ಕೀಳುವವರಿದ್ದರು, "ಮುಂದ." ಇನ್ನೊಂದರಲ್ಲಿ ಎಮ್ಮೆ ಮೇಯಿಸುವವನಿದ್ದ, "ಇನ್ನೂ ಮುಂದ." ಪಂತರು ಗಂಟಲು ಸರಿಮಾಡಿಕೊಂಡು, "ಹೊಲಾ ಕೊಂಢವಾದಾಗ ಅದನೋ, ಸಾತಾರಾದಾಗ ಅದನೋ?" ಎಂದರು. ಕೊನೆಗೆ ರಸ್ತೆಯ ಬದಿಗೇ ಎದೆಮಟ್ಟ ಬೆಳೆದ ಜೋಳ, ಒಂದು ಬಾವಿ, ಒಂದು ಬೇವಿನ ಗಿಡ ಕಂಡವು. ಜನರ ಸುಳಿವಿರಲಿಲ್ಲ.

"ಇದ! ಇದ! ನಿಂದರಸ್ರಿ!" ಎಂದ ಶಿವರುದ್ರಪ್ಪ. ದೇವರೇ ಆ ಹೊಲವನ್ನು ಕೊಟ್ಟಂತೆ ಕೈ ಮುಗಿದ.

ಪಾರವ್ವ ಇಳಿದಳು. ಚಪ್ಪಲಿ ಬಿಟ್ಟಳು. ಒಂದು ಹಿಡಿ ಮಣ್ಣು ಎತ್ತಿ ಬೆರಳಲ್ಲಿ ಪುಡಿ ಮಾಡಿ ಮೂಸಿದಳು. ಆಮೇಲೆ ಸುತ್ತ ನೋಡಿ ಕೇಳಿದಳು:

"ಬನ್ನಿಗಿಡ ಎಲ್ಲೈತೋ?"

"ಅದು... ಬಿತ್ತಬೇ. ಮೊನ್ನಿ ಗಾಳಿಗೆ."

ಹವಾಮಾನದ ಕಚೇರಿಯವನಿಗೆ ಗಾಳಿ ಯಾವಾಗಲೂ ಸಹಾಯಕ್ಕಿರುತ್ತದೆ. ಬನ್ನಿ ಬಿದ್ದರೆ ಬೇವು ಎಂದು ಹೆಂಗಸರು ಅದರ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಅರಿಶಿಣ ಕುಂಕುಮ ಏರಿಸಿದರು. ಐದು ಕಲ್ಲು ಎಂದರೆ ಪಾಂಡವರು. ಸನಾಯಿಯವನು ಇದು ಯಾವ ಜಾತಿಯ ಲಗ್ನವೋ ತಿಳಿಯದೆ ಊದತೊಡಗಿದ. ಪಾರವ್ವ ಬುಟ್ಟಿ ಸೊಂಟಕ್ಕೆ ಏರಿಸಿದಳು. ಅವಳ ಹಿಂದೆ ನೀರಿನ ತಂಬಿಗೆ ಹಿಡಿದು, ಹೊಲದ ಒಡೆಯನ ಸ್ಥಾನದಲ್ಲಿ, ಶಿವರುದ್ರಪ್ಪ.

"ಹುಲ್ಲುಲ್ಲಿಗ್ಯೋ!" ಎಂದಳು ಪಾರವ್ವ. ಆ ದನಿ ಅವಳ ಏಳೂವರೆ ಗೇಣಿನ ದೇಹದಲ್ಲಿ ಎಲ್ಲಿ ಅಡಗಿತ್ತೋ!

"ಚಲ್ಲಂಬರಿಗ್ಯೋ!" ಎಂದೆವು ನಾವೆಲ್ಲ. ಇದರ ಅರ್ಥ ಯಾರಿಗೂ ಗೊತ್ತಿಲ್ಲ, ಊರೂರಿಗೆ ಬೇರೆ ಬೇರೆ ಕೂಗುತ್ತಾರೆ. ಕೂಗಿದರೆ ಮಾತ್ರ ಮೈ ಜುಮ್ಮೆನ್ನುತ್ತದೆ. ಫಕೀರಪ್ಪ ಕೂಗುತ್ತಲೇ ಅಳುತ್ತಿದ್ದ. ಬಾವಿಯ ತನಕ ಅರ್ಧ ಹೊಲ ಮುಗಿಯಿತು.

ಅಷ್ಟರಲ್ಲಿ ಜೋಳದ ನಡುವೆ ದೊಣ್ಣೆಯೊಂದು ಮೇಲೆದ್ದಿತು, ಅದರ ಕೆಳಗೆ ಕೆಂಪು ಮುಂಡಾಸು, ಅದರ ಕೆಳಗೆ ಮೀಸೆ. ಅವನು ಮಾರ್ತಾಂಡ, ಹೊಲದ ನಿಜವಾದ ಒಡೆಯ. ಹಿಂದೆ ಊರಿನ ಹತ್ತು ಜನರಿದ್ದರು. ಅವರು ಕಂಡದ್ದನ್ನು ನೀವೂ ಒಮ್ಮೆ ಕಾಣಿರಿ. ಅಮಾವಾಸ್ಯೆಯ ದಿನ, ಲಗ್ನದ ಮೋಟಾರಿನಲ್ಲಿ ಬಂದ, ಮದುಮಗಳೇ ಇಲ್ಲದ ದಿಬ್ಬಣ. ಗಿಡದ ಬುಡದಲ್ಲಿ ಅರಿಶಿಣ ಕುಂಕುಮ ಮೆತ್ತಿದ ಐದು ಕಲ್ಲು. ತಿಳಿಯದ ಭಾಷೆಯಲ್ಲಿ ಕೂಗುತ್ತ ಬೆಳೆಯ ಮೇಲೆ ಅನ್ನ ಎಸೆಯುವ ಮುದುಕಿ.

"ಕರಣಿ!" ಎಂದು ಮಾರ್ತಾಂಡ ಚೀರಿದ. ಮಾಟ ಎಂದರ್ಥ. ಮುಂದೆ ಅವನಾಡಿದ ಮರಾಠಿಯನ್ನು ಬೈಗುಳ ಬಿಟ್ಟು ಬರೆಯುತ್ತಿದ್ದೇನೆ, ಆದ್ದರಿಂದ ಚಿಕ್ಕದಾಗಿ ಕಾಣುತ್ತದೆ. "ನನ್ನ ಬೆಳಿಗೆ ಮಾಟಾ ಮಾಡ್ಲಿಕ್ಕೆ ಪೇಟಿಯಿಂದ ಮೋಟಾರ ಮಾಡ್ಕೊಂಡ ಬಂದೀರಿ? ಬ್ಯಾಂಡ ಹಚ್ಚಿ?"

ಸನಾಯಿಯವನು ಮೋಟಾರಿನ ಕೆಳಗೆ ಸೇರಿದ. ಪಾರವ್ವ ಮಾತ್ರ ಹೆದರಲಿಲ್ಲ. ಕಾರ್ತಿಕದಲ್ಲಿ ಜ್ವರ ಬಂದಿದ್ದ ರೈತ ಇವನೇ ಎಂದು ಅವಳಿಗೆ ಖಾತ್ರಿಯಾಗಿತ್ತು.

"ಈಗ ಬಂದೇನೋ? ಜ್ವರಾ ಬಿಟ್ಟಾವೇನು?" ಎಂದಳು. "ಬದುವಿನ ಮ್ಯಾಲೆ ಏಟ ಕಸಾ ಬೆಳಸೀಯೋ! ಸಾಲು ಭಾಳ ದಟ್ಟ ಆಗ್ಯಾವು. ಮುಂದಿನ ವರ್ಷ ಹಿಂಗ ಬಿತ್ತಿದಿ ಅಂದ್ರ ಬ್ಯಾರೆ ರೈತನ್ನ ನೋಡತೇವಿ ನೋಡ!"

"ಏನಂತಾಳ ಮುದುಕಿ?" ಎಂದ ಮಾರ್ತಾಂಡ ನನ್ನ ಕಡೆ ತಿರುಗಿ.

ದುಭಾಷಿಯ ಕೆಲಸ ದೇವರ ಕೆಲಸ. "ನಿಮ್ಮ ಆರೋಗ್ಯ ಕೇಳಲಿಕ್ಕತ್ತಾರ್ರಿ" ಎಂದೆ.

"ಈಟುದ್ದಾ ಆರೋಗ್ಯ?"

"ಬೆಳಿ ಭಾಳ ಛಲೋ ಅದ ಅಂದ್ರು."

"ಮಾರಿ ಹಂಗ ಕಾಣವಲ್ದು!" ಎಂದ ಮಾರ್ತಾಂಡ. ನನ್ನನ್ನು ಬದಿಗೆ ಸರಿಸಿ, ಪಾರವ್ವನ ಎದುರು ನಿಂತು, ದೊಣ್ಣೆಯಿಂದ ನೆಲ ಕುಟ್ಟಿ, ಬಿಡಿಬಿಡಿಯಾಗಿ ಕೇಳಿದ: "ಹೇ ಶೇತ ಕೋಣಾಚಂ?"

ಈ ಹೊಲ ಯಾರದು. ಆ ಮರಾಠಿ ಪಾರವ್ವನಿಗೆ ತಿಳಿಯಿತು. ಅವಳು ಸೆರಗು ಸರಿಪಡಿಸಿಕೊಂಡು, ಹೆಮ್ಮೆಯಿಂದ ಶಿವರುದ್ರಪ್ಪನ ಕಡೆ ಕೈ ತೋರಿಸಿದಳು. "ನಮ್ಮ ಹುಡುಗಂದು."

ಊರವರು ಗೊಳ್ಳೆಂದು ನಕ್ಕರು. ಮಾರ್ತಾಂಡನಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಪಾರವ್ವ ಆ ನಗೆಯನ್ನು ನೋಡಿದಳು, ಆಮೇಲೆ ತನ್ನ ಹುಡುಗನನ್ನು ನೋಡಿದಳು. ಶಿವರುದ್ರಪ್ಪನ ಕೈಯೊಳಗಿನ ತಂಬಿಗೆಯಿಂದ ನೀರು ಅವನ ಕಾಲ ಮೇಲೆ ಸುರಿಯುತ್ತಿತ್ತು.

"ಅತ್ತಿ," ಎಂದ. "ನಮ್ದಲ್ಲಬೇ. ನಮಗ ಎಲ್ಲೂ ಹೊಲಾ ಇಲ್ಲ."

ಈ ಮಾತಿಗಾಗಿ ಹರಿಶ್ಚಂದ್ರಪಂತರು ಇಡೀ ವರ್ಷ ಕಾದಿದ್ದರು, ಮೋಟಾರು ಹತ್ತಿ ಬಂದಿದ್ದರು. ಈಗ ಅವರು ಪಗಡಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತರು. ಪಾರವ್ವ ಬುಟ್ಟಿಯ ಮೇಲೆ ಅರಿವೆ ಮುಚ್ಚಿದಳು. ಯಾರನ್ನೂ ಬಯ್ಯಲಿಲ್ಲ. ಬಂದ ಸಾಲಿನಲ್ಲೇ ತಿರುಗಿ ನಡೆದು ಮೋಟಾರಿನಲ್ಲಿ ಹೋಗಿ ಕುಳಿತಳು. ಹಿಂದೆ ಒಬ್ಬೊಬ್ಬರಾಗಿ ನಾವೆಲ್ಲ ಹತ್ತಿದೆವು.

ನಾನು ಕೊನೆಯವನು. ಮೆಟ್ಟಿಲ ಮೇಲೆ ಕಾಲಿಡುವಾಗ ಮಾರ್ತಾಂಡ ನನ್ನ ತೋಳು ಹಿಡಿದ. "ಮಾಟ ಅಲ್ಲಂದ್ರ ಏನದು, ಖರೆ ಹೇಳ್ರಿ."

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಸುರಿಯ ಬಯಕೆ, ಚರಗ, ಹವಾಮಾನ ಕಚೇರಿಯ ಗುಮಾಸ್ತನ ಸುಳ್ಳು ಹೊಲ, ಎಲ್ಲ ಹೇಳಿದೆ. ಅವನು ಮೀಸೆ ತಿರುವುತ್ತ ಕೇಳಿದ. ಕೇಳುತ್ತ ಕೇಳುತ್ತ ಕೈ ಮೀಸೆಯ ಮೇಲೇ ನಿಂತಿತು.

"ಎಲ್ಲೀತನಕ ಆಗೇದ?"

"ಬಾವಿತನಕ."

"ಉಳಿದ ಅರ್ಧ?"

"ಉಳೀತು."

ಮಾರ್ತಾಂಡ ತನ್ನ ಹೊಲ ನೋಡಿದ, ಮೋಟಾರು ನೋಡಿದ. ಡ್ರಾಯವರ ಹ್ಯಾಂಡಲ್ ತಿರುವಿ ಇಂಜಿನು ಚಾಲೂ ಮಾಡುತ್ತಿದ್ದಂತೆ ಅವನು ಓಡಿ ಬಂದು ದೊಣ್ಣೆ ಅಡ್ಡ ಹಿಡಿದು ಮೋಟಾರಿನ ಮುಂದೆ ನಿಂತ.

"ಉತರಾ! ಇಳೀರಿ ಎಲ್ಲಾರೂ! ಬಸುರಿ ಹೆಂಗಸಿಗೆ ಅರ್ಧಾ ಊಟಾ ಬಡಿಸಿ, ಎಲಿ ಕಸಗೊಂಡು ಎದ್ದ ಹೋಗ್ತೀರಿ? ನಾಳೆ ಆ ಅರ್ಧಾ ಹೊಲಾ ಮುನಿಸಿಕೊಂಡರ ನಾ ಯಾರನ್ನ ಕೇಳ್ಲಿ? ಹವಾಮಾನ ಕಚೇರಿಗೆ ಬರ್ಲೇನು?"

ಊರವರೂ ಅವನ ಜೊತೆ ನಿಂತರು. ಮೊದಲು ಚೆಲ್ಲಿದ್ದಕ್ಕೆ ಹೊಡೆಯಲು ಬಂದ ಜನ, ಈಗ ಚೆಲ್ಲದಿದ್ದರೆ ಹೊಡೆಯುವ ಹಾಗಿದ್ದರು. ನಾನು ಪಾರವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಮಂದಿ ಹೊಲಕ್ಕ ನಾ ಹ್ಯಾಂಗ ಚೆಲ್ಲಲಿ ಸ್ವಾಮಿ?" ಎಂದಳು ಅವಳು. "ನನಗೇನ ಹಕ್ಕೈತಿ?"

ಮಾರ್ತಾಂಡ ಕಿಟಕಿಗೆ ಬಂದ. ದೊಣ್ಣೆ ಕಂಕುಳಲ್ಲಿ ಸಿಗಿಸಿ ಕೈ ಜೋಡಿಸಿದ. "ಮಾವಶೀ," ಎಂದ, ಮರಾಠಿಯ ಚಿಕ್ಕಮ್ಮ. "ನನ್ನವ್ವ ಇಲ್ಲ. ನನ್ನ ಹೊಲಕ್ಕ ಬಡಿಸವರು ಯಾರೂ ಇಲ್ಲ."

ನಾನು ಅದನ್ನು ಕನ್ನಡಕ್ಕೆ ತರಬೇಕಾಗಲಿಲ್ಲ. ಪಾರವ್ವ ಇಳಿದಳು. ನೀರಿನ ತಂಬಿಗೆಯನ್ನು ಶಿವರುದ್ರಪ್ಪನ ಕೈಯಿಂದ ತೆಗೆದು, ಹೊಲದ ಒಡೆಯನಾದ ಮಾರ್ತಾಂಡನಿಗೆ ಕೊಟ್ಟಳು. ಬಾವಿಯ ಬಳಿ ಹೋಗಿ ಬುಟ್ಟಿ ಸೊಂಟಕ್ಕೇರಿಸಿದಳು. ಶಿವರುದ್ರಪ್ಪ ದೂರ ಬದುವಿನ ಮೇಲೆ ತಲೆ ತಗ್ಗಿಸಿ ನಿಂತಿದ್ದ. ಅವಳು ತಿರುಗಿ ನೋಡಿದಳು.

"ಅಲ್ಲೇನ ನಿಂತೀಯೋ? ವರ್ಷಪೂರ್ತಿ ಬಾಯಿಲೇ ಬೆಳಿ ಬೆಳದಿ. ಬಾ, ಅದ ಬಾಯಿಲೇ ಕೂಗು."

ಶಿವರುದ್ರಪ್ಪ ಸಾಲಿಗಿಳಿದ. ಬಾಯಿ ತೆರೆದ, ದನಿ ಬರಲಿಲ್ಲ. ಪಾರವ್ವ ಕಾದಳು. ನಾವೂ ಕಾದೆವು, ಊರವರೂ ಕಾದರು. ಎರಡನೆಯ ಸಲಕ್ಕೆ ಅವನು ಕೂಗಿದ ಕೂಗು ಕೊಂಢವಾದ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಇಪ್ಪತ್ತೆಂಟು ಜನ ತಮ್ಮ ತಮ್ಮ ಊರಿನ ಹಾಗೆ ಓಗೊಟ್ಟರು. ಹರಿಶ್ಚಂದ್ರಪಂತರು ತಮಗೆ ತಿಳಿದ ಹಾಗೆ ಏನೋ ಕೂಗಿದರು.

ಪಾರವ್ವ ಮೊದಲ ಹಿಡಿ ಚೆಲ್ಲಿದಳು. "ಉಣ್ಣ ನಮ್ಮವ್ವ, ಉಣ್ಣ," ಎಂದಳು ನೆಲಕ್ಕೆ. "ಬರೂದು ಎಂಟ ವರ್ಷ ತಡಾ ಆತು."